ಲೆಕ್ಕದ ಕೆಲಸ ಯಂತ್ರಕ್ಕಿರಲಿ, ಬೀಗದ ಕೈ ನಮ್ಮಲ್ಲಿರಲಿ

(ಮಹಿಳಾ ವೇದಿಕೆಯ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಾನು ಎಂ.ಟೆಕ್. ಮುಗಿಸಿ ಐಟಿ ಕ್ಷೇತ್ರದಲ್ಲಿ ದುಡಿಯುತ್ತಿರುವವಳು. ಮನುಷ್ಯರು ದಿನವೂ ಕೈಯಿಂದ ಮಾಡುವ ಒಂದೇ ಬಗೆಯ ಕೆಲಸವನ್ನು ತಾನಾಗಿಯೇ ನಡೆಯುವಂತೆ ಮಾಡುವುದು ನನ್ನ ಉದ್ಯೋಗ. ಅದನ್ನೇ ಆಟೊಮೇಶನ್ ಎನ್ನುತ್ತಾರೆ. ಇವತ್ತು ನನಗೆ ಕೊಟ್ಟಿರುವ ವಿಷಯ, ‘ಸಣ್ಣ ಆನ್‌ಲೈನ್ ಸದಸ್ಯತ್ವ ಉದ್ಯಮಕ್ಕೆ ಸ್ವಯಂಚಾಲಿತ ವ್ಯವಸ್ಥೆ.’ ಹೆಸರು ಕೇಳಿದರೆ ಯಾವುದೋ ದೊಡ್ಡ ಕಂಪನಿಯ ವಿಷಯ ಅನ್ನಿಸಬಹುದು. ಆದರೆ ಇದು ನಮ್ಮ ಮುಲುಂಡ್‌ನ ಎರಡು ಕೋಣೆಯ ಮನೆಗಳಲ್ಲಿ ದಿನವೂ ನಡೆಯುತ್ತಿರುವ ಉದ್ಯಮ.

2020ರ ಲಾಕ್‌ಡೌನ್ ನೆನಪಿಸಿಕೊಳ್ಳಿ. ಮನೆಯಲ್ಲಿ ದೇವರನಾಮ ಹೇಳಿಕೊಡುತ್ತಿದ್ದವರು, ಯೋಗ ಕಲಿಸುತ್ತಿದ್ದವರು, ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದವರು ಎಲ್ಲರೂ ಮೊಬೈಲ್ ಮುಂದೆ ಕುಳಿತರು. ಲಾಕ್‌ಡೌನ್ ಮುಗಿಯಿತು, ಆನ್‌ಲೈನ್ ತರಗತಿ ಮುಗಿಯಲಿಲ್ಲ. ಏಕೆಂದರೆ ಅಷ್ಟರಲ್ಲಿ ಠಾಣೆಯವರು, ಡೊಂಬಿವಲಿಯವರು, ಪುಣೆಯವರು, ಮಸ್ಕತ್‌ನಲ್ಲಿರುವ ಮಗಳು, ಅಮೆರಿಕದಲ್ಲಿರುವ ಸೊಸೆ ಎಲ್ಲರೂ ಸೇರಿಕೊಂಡಿದ್ದರು. ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಫೀಸು ಕಟ್ಟಿ, ಬಿಡದೆ ಬರುವವರ ಗುಂಪು ಇದು. ಸದಸ್ಯತ್ವದ ಉದ್ಯಮ ಎಂದರೆ ಇಷ್ಟೇ. ಒಂದು ಸಲ ಮಾರಿ ಮರೆಯುವ ವ್ಯಾಪಾರ ಅಲ್ಲ, ತಿಂಗಳು ತಿಂಗಳೂ ನಂಬಿಕೆ ಉಳಿಸಿಕೊಳ್ಳಬೇಕಾದ ವ್ಯವಹಾರ.

ಮುಲುಂಡ್ ಪೂರ್ವದ ಒಬ್ಬ ಶಿಕ್ಷಕಿಯ ವಿಷಯ ಹೇಳುತ್ತೇನೆ. ಅವರ ಒಪ್ಪಿಗೆ ಇದೆ, ಆದರೂ ಹೆಸರು ಬೇಡ. ದೇವರನಾಮ ಕಲಿಸುತ್ತಾರೆ. ಸುಮಾರು ಅರವತ್ತು ಮಂದಿ ಕಲಿಯುವವರು. ಒಂದು ದಿನ ಅವರು ನನ್ನ ಹತ್ತಿರ, “ತರಗತಿ ನಿಲ್ಲಿಸಿಬಿಡೋಣ ಅಂತಿದ್ದೀನಿ ಕಣಮ್ಮ,” ಅಂದರು. ನನಗೆ ಆಶ್ಚರ್ಯವಾಯಿತು. ಕಾರಣ ಕೇಳಿದೆ. “ಪಾಠ ಮಾಡೋದು ಕಷ್ಟ ಅಲ್ಲ. ಈ ದುಡ್ಡು ಕೇಳೋದೇ ಕಷ್ಟ. ಯಾರು ಕಟ್ಟಿದ್ರು, ಯಾರು ಬಿಟ್ರು ಅಂತ ರಾತ್ರಿ ಹನ್ನೊಂದರವರೆಗೂ ಮೊಬೈಲ್ ನೋಡ್ತಾ ಕೂತಿರ್ತೀನಿ. ಬೆಳಿಗ್ಗೆ ದನಿಯೇ ಏಳೋಲ್ಲ,” ಅಂದರು.

ಇಲ್ಲಿ ಕುಳಿತಿರುವ ಎಷ್ಟೋ ಜನ ತಲೆಯಾಡಿಸುತ್ತಿದ್ದೀರಿ. ಹಾಗಾದರೆ ಒಂದು ಲೆಕ್ಕ ಹಾಕೋಣ. ಒಬ್ಬ ಸದಸ್ಯೆಗೆ ಫೀಸು ನೆನಪಿಸುವುದು, ಸ್ಕ್ರೀನ್‌ಶಾಟ್ ನೋಡುವುದು, ಬ್ಯಾಂಕ್ ಸಂದೇಶದೊಂದಿಗೆ ತಾಳೆ ಹಾಕುವುದು, ಲಿಂಕ್ ಮತ್ತೆ ಕಳಿಸುವುದು, ಇದಕ್ಕೆಲ್ಲ ತಿಂಗಳಿಗೆ ಹನ್ನೆರಡು ನಿಮಿಷ ಎಂದು ಹಿಡಿಯಿರಿ. ಅರವತ್ತು ಜನಕ್ಕೆ 720 ನಿಮಿಷ, ಅಂದರೆ 12 ಗಂಟೆ. ವಾರಕ್ಕೆ ಒಂದೊಂದು ಗಂಟೆಯ ಮೂರು ತಂಡ ಇದ್ದರೆ ತಿಂಗಳಿಗೆ ಪಾಠದ ಹೊತ್ತೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ಪಾಠ ಮಾಡಿದಷ್ಟೇ ಹೊತ್ತು ಪಾಠವಲ್ಲದ ಕೆಲಸ. ಆ ಹೊತ್ತಿಗೆ ಯಾರೂ ಫೀಸು ಕೊಡುವುದಿಲ್ಲ. ಹೆಂಗಸರ ದುಡಿಮೆಯಲ್ಲಿ ಲೆಕ್ಕಕ್ಕೆ ಸೇರದ ಪಾಲು ಯಾವಾಗಲೂ ಇತ್ತು. ಈಗ ಅದು ಮೊಬೈಲ್ ಒಳಗೂ ಬಂದು ಕುಳಿತಿದೆ.

ಕಂಪ್ಯೂಟರ್‌ಗೆ ಮೊದಲೇ ಇದ್ದ ವ್ಯವಸ್ಥೆ

ಆಟೊಮೇಶನ್ ಎಂದ ಕೂಡಲೇ ಯಾವ ಆ್ಯಪ್ ತೆಗೆದುಕೊಳ್ಳಬೇಕು ಎಂದು ಎಲ್ಲರೂ ಕೇಳುತ್ತಾರೆ. ಆ್ಯಪ್‌ನ ಮಾತು ಆಮೇಲೆ. ಮೊದಲು ಬೇಕಾದದ್ದು ಕ್ರಮ. ಕ್ರಮ ಇಲ್ಲದ ಕಡೆ ಯಂತ್ರ ತಂದರೆ ಗೊಂದಲ ಇನ್ನೂ ಬೇಗ ಬೇಗ ಆಗುತ್ತದೆ, ಅಷ್ಟೇ.

ಇದಕ್ಕೆ ನಮ್ಮ ಮುಂಬಯಿಯಲ್ಲೇ ಎರಡು ಒಳ್ಳೆಯ ಪಾಠಗಳಿವೆ. ಮೊದಲನೆಯದು ಲಿಜ್ಜತ್ ಪಾಪಡ್. 1959ರ ಮಾರ್ಚ್ 15ರಂದು ಗಿರಗಾಂವದ ಒಂದು ಕಟ್ಟಡದಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಲಟ್ಟಿಸಲು ಶುರು ಮಾಡಿದರು. ಅವರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಇವತ್ತು ಅದು ನಲವತ್ತು ಸಾವಿರಕ್ಕೂ ಹೆಚ್ಚು ಸದಸ್ಯೆಯರ ಸಂಸ್ಥೆ. ಅವರ ಕ್ರಮ ನೋಡಿ: ಬೆಳಿಗ್ಗೆ ಹಿಟ್ಟನ್ನು ತೂಗಿ ಕೊಡುತ್ತಾರೆ. ಮನೆಗೆ ಒಯ್ದು ಲಟ್ಟಿಸಿ ಒಣಗಿಸಿ ಮರುದಿನ ತಂದು ಕೊಟ್ಟರೆ ತೂಗಿ ನೋಡಿ ಲಟ್ಟಿಸಿದ ಕೂಲಿ ಕೊಡುತ್ತಾರೆ, ಮತ್ತೆ ಹೊಸ ಹಿಟ್ಟು. ಇದರಲ್ಲಿ ಕಂಪ್ಯೂಟರ್ ಇಲ್ಲ. ಆದರೆ ಎಲ್ಲರಿಗೂ ಒಂದೇ ನಿಯಮ, ಕೆಲಸಕ್ಕೆ ತಕ್ಕ ಲೆಕ್ಕ ಆಗಿಂದಾಗಲೇ. ಸಂಕೋಚಪಟ್ಟುಕೊಂಡು ಹಣ ಕೇಳುವ ಪ್ರಮೇಯವೇ ಇಲ್ಲ, ಏಕೆಂದರೆ ಕೇಳುವುದು ಒಬ್ಬ ವ್ಯಕ್ತಿಯಲ್ಲ, ನಿಯಮ.

ಎರಡನೆಯದು ಡಬ್ಬಾವಾಲಾಗಳು. 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಅವರು ಶುರು ಮಾಡಿದ ಕೆಲಸ. ಇದೂ ತಿಂಗಳ ಹಣದ ಮೇಲೆ ನಡೆಯುವ ಸದಸ್ಯತ್ವವೇ. ಒಂದು ಡಬ್ಬಿ ಮನೆಯಿಂದ ಆಫೀಸಿಗೆ ಹೋಗುವಷ್ಟರಲ್ಲಿ ಹಲವು ಕೈ ದಾಟುತ್ತದೆ. ಆದರೂ ಮುಟ್ಟುತ್ತದೆ. ಹೇಗೆ? ಮುಚ್ಚಳದ ಮೇಲಿನ ಬಣ್ಣ, ಅಕ್ಷರ, ಅಂಕಿಯ ಗುರುತು. ಯಾವ ಕಡೆಯಿಂದ ಬಂತು, ಯಾವ ಸ್ಟೇಷನ್‌ನಲ್ಲಿ ಇಳಿಸಬೇಕು, ಯಾವ ಕಟ್ಟಡ, ಎಷ್ಟನೇ ಮಹಡಿ, ಎಲ್ಲ ಅದರಲ್ಲೇ ಇದೆ. ಡಬ್ಬಿಯ ಮೇಲೆ ‘ಲಕ್ಷ್ಮಿಯವರದು’ ಎಂದು ಬರೆದಿದ್ದರೆ ಮುಂಬಯಿ ಅರ್ಧ ಉಪವಾಸ ಇರಬೇಕಾಗಿತ್ತು.

ನಗುತ್ತಿದ್ದೀರಿ, ಆದರೆ ನಾವು ಮಾಡುವುದು ಅದನ್ನೇ. ನಮ್ಮ ಆ ಶಿಕ್ಷಕಿಯ ಪಟ್ಟಿಯಲ್ಲಿ ಲಕ್ಷ್ಮಿ ಎಂಬ ಹೆಸರಿನವರು ಐದು ಜನ, ಶೋಭಾ ಮೂರು ಜನ. ಹಣ ಬರುವುದು ಗಂಡನ ಖಾತೆಯಿಂದ, ಅಲ್ಲಿ ಹೆಸರು ಇನ್ನೊಂದು. ಹಾಗಾಗಿ ಮೊದಲ ಕೆಲಸ, ಪ್ರತಿ ಸದಸ್ಯೆಗೂ ಒಂದು ಸಂಖ್ಯೆ. 101, 102, 103. ಹೆಸರು ಪ್ರೀತಿಗೆ, ಸಂಖ್ಯೆ ಲೆಕ್ಕಕ್ಕೆ.

ಐದು ಹೆಜ್ಜೆ, ಒಂದು ಕಾಲಂ

ಯಾವ ಸದಸ್ಯತ್ವದ ಉದ್ಯಮವನ್ನೇ ತೆಗೆದುಕೊಳ್ಳಿ, ಐದು ಹೆಜ್ಜೆ ಇರುತ್ತವೆ. ಸೇರುವುದು, ಹಣ ಕಟ್ಟುವುದು, ತರಗತಿಗೆ ಪ್ರವೇಶ, ನೆನಪಿಸುವುದು, ಬಿಡುವುದು. ಇವುಗಳನ್ನು ಮೊದಲು ಒಂದು ಕಾಗದದ ಮೇಲೆ ಕನ್ನಡದಲ್ಲಿ ಬರೆಯಿರಿ. ‘ಹೊಸಬರು ಸೇರಿದರೆ ನಾನು ಏನೇನು ಮಾಡುತ್ತೇನೆ’ ಎಂದು ಸಾರಿಗೆ ಏನೇನು ಹಾಕುತ್ತೇವೆ ಎಂದು ಬರೆದ ಹಾಗೆ ಬರೆಯಿರಿ. ಬರೆಯಲು ಬರದ ಕೆಲಸವನ್ನು ಯಂತ್ರಕ್ಕೆ ಹೇಳಿಕೊಡಲೂ ಬರುವುದಿಲ್ಲ.

ಆಮೇಲೆ ಒಂದು ಗೂಗಲ್ ಫಾರ್ಮ್. ಹೆಸರು, ಫೋನ್ ನಂಬರ್, ಇಮೇಲ್, ಯಾವ ತಂಡ, ಇಷ್ಟು ಸಾಕು. ಹುಟ್ಟಿದ ದಿನ, ಮನೆ ವಿಳಾಸ, ಆಧಾರ್ ನಂಬರ್ ಇವೆಲ್ಲ ಹಾಡು ಕಲಿಯಲು ಬೇಡ. 2023ರಲ್ಲಿ ನಮ್ಮ ದೇಶದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಅದರ ತಿರುಳು ಇಷ್ಟೇ: ಯಾವ ಕೆಲಸಕ್ಕೆ ಬೇಕೋ ಅಷ್ಟನ್ನೇ ಕೇಳಿ, ಏಕೆ ಎಂದು ಹೇಳಿ, ಒಪ್ಪಿಗೆ ಪಡೆಯಿರಿ. ಹದಿನೆಂಟು ತುಂಬದ ಮಕ್ಕಳದಾದರೆ ತಂದೆತಾಯಿಯ ಒಪ್ಪಿಗೆ. ಕನ್ನಡ ಕಲಿಸುವ ಅಕ್ಕಂದಿರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಫಾರ್ಮ್ ತುಂಬಿದ್ದು ತಾನಾಗಿ ಗೂಗಲ್ ಶೀಟ್‌ಗೆ ಬಂದು ಬೀಳುತ್ತದೆ. ಆ ಶೀಟ್‌ನಲ್ಲಿ ಒಂದು ಕಾಲಂ ಇದೆ, ಅದೇ ಇಡೀ ವ್ಯವಸ್ಥೆಯ ಜೀವ: ‘ಯಾವ ತಾರೀಕಿನವರೆಗೆ ಕಟ್ಟಿದ್ದಾರೆ.’ ಹೆಚ್ಚಿನವರು ‘ಜೂನ್ ಕಟ್ಟಿದರು, ಜುಲೈ ಇಲ್ಲ’ ಎಂದು ತಿಂಗಳಿಗೊಂದು ಕಾಲಂ ಮಾಡುತ್ತಾರೆ. ವರ್ಷದ ಕೊನೆಗೆ ಶೀಟ್ ರೈಲಿನಷ್ಟು ಉದ್ದ. ಮಧ್ಯದಲ್ಲಿ ಮೂರು ತಿಂಗಳದ್ದು ಒಟ್ಟಿಗೆ ಕಟ್ಟಿದವರು ಬಂದರೆ ತಲೆನೋವು. ಅದರ ಬದಲು ಒಂದೇ ತಾರೀಕು ಇಟ್ಟುಕೊಳ್ಳಿ. ಹಣ ಬಂದಾಗ ತಾರೀಕು ಮುಂದಕ್ಕೆ ಹೋಗುತ್ತದೆ. ಇವತ್ತಿನ ತಾರೀಕು ಅದನ್ನು ದಾಟಿದರೆ ಬಾಕಿ. ನೆನಪಿಸುವುದು, ಲಿಂಕ್ ಕೊಡುವುದು, ಲೆಕ್ಕ ಹೇಳುವುದು ಎಲ್ಲವೂ ಈ ಒಂದು ಕಾಲಂನಿಂದಲೇ ಹುಟ್ಟುತ್ತವೆ.

ಹಣದ ವಿಷಯ

ಸ್ಕ್ರೀನ್‌ಶಾಟ್ ಎಂದರೆ ಹಣವಲ್ಲ. ಹಣ ಕಟ್ಟಿದ ಹಾಗೆ ತೋರಿಸುವ ಸುಳ್ಳು ಚಿತ್ರ ತಯಾರಿಸುವುದು ಈಗ ಸುಲಭ. ಖಾತೆಗೆ ಬಂದದ್ದೇ ಹಣ. ಅದನ್ನು ತಾಳೆ ನೋಡುವ ಕೆಲಸವನ್ನು ಯಂತ್ರಕ್ಕೆ ಕೊಡಬೇಕಾದರೆ ಪೇಮೆಂಟ್ ಗೇಟ್‌ವೇ ಬೇಕು. ರೇಜರ್‌ಪೇ ನಮ್ಮ ಬೆಂಗಳೂರಿನ ಕಂಪನಿಯೇ. ಸದಸ್ಯೆಗೆ ಒಂದು ಲಿಂಕ್ ಹೋಗುತ್ತದೆ, ಅವರು ಯುಪಿಐನಲ್ಲೋ ಕಾರ್ಡ್‌ನಲ್ಲೋ ಕಟ್ಟುತ್ತಾರೆ, ಕಟ್ಟಿದ ಕೂಡಲೇ ಗೇಟ್‌ವೇ ನಮ್ಮ ಶೀಟ್‌ಗೆ, ‘103ನೇ ಸದಸ್ಯೆಯಿಂದ 500 ರೂಪಾಯಿ ಬಂತು’ ಎಂದು ಸುದ್ದಿ ಕಳಿಸುತ್ತದೆ. ನಮ್ಮ ಭಾಷೆಯಲ್ಲಿ ಇದಕ್ಕೆ ವೆಬ್‌ಹುಕ್ ಎನ್ನುತ್ತೇವೆ. ಸುದ್ದಿ ತರುವ ಹುಡುಗ ಎಂದುಕೊಳ್ಳಿ.

ಈ ಹುಡುಗನ ವಿಷಯದಲ್ಲಿ ಎರಡು ಎಚ್ಚರ ಬೇಕು. ಒಂದು, ಅವನು ಕೆಲವೊಮ್ಮೆ ಅದೇ ಸುದ್ದಿಯನ್ನು ಎರಡು ಸಲ ತರುತ್ತಾನೆ. ಶೀಟ್ ಅದನ್ನು ನಂಬಿ ತಾರೀಕನ್ನು ಎರಡು ತಿಂಗಳು ಮುಂದೆ ಹಾಕಬಾರದು. ಪ್ರತಿ ಪಾವತಿಗೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಮೊದಲೇ ದಾಖಲಾಗಿದ್ದರೆ ಸುಮ್ಮನಿರು ಎಂದು ಯಂತ್ರಕ್ಕೆ ಹೇಳಿಕೊಡಬೇಕು. ಎರಡು, ಬೇರೆ ಯಾರಾದರೂ ಆ ಹುಡುಗನ ವೇಷ ಹಾಕಿಕೊಂಡು ಬರಬಹುದು. ಆದ್ದರಿಂದ ಸುದ್ದಿ ಬಂದ ಮೇಲೆ ಆ ಪಾವತಿ ಸಂಖ್ಯೆ ಹಿಡಿದು ಗೇಟ್‌ವೇಯನ್ನೇ ಮರಳಿ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ನಿಮಗೆ ವ್ಯವಸ್ಥೆ ಮಾಡಿಕೊಡಲು ಯಾರೇ ಬರಲಿ, ಈ ಎರಡು ಪ್ರಶ್ನೆ ಕೇಳಿ. ಉತ್ತರ ತಡವರಿಸಿದರೆ ಕೆಲಸ ಕೊಡುವ ಮುಂಚೆ ಯೋಚಿಸಿ.

ಇದಕ್ಕೆ ಖರ್ಚಿದೆ. ಸಾಮಾನ್ಯವಾಗಿ ಶೇ. 2ರ ಆಸುಪಾಸು ಕಮಿಷನ್, ಅದರ ಮೇಲೆ ಶೇ. 18 ಜಿಎಸ್‌ಟಿ. 500 ರೂಪಾಯಿಗೆ 10 ರೂಪಾಯಿ, ಅದಕ್ಕೆ ತೆರಿಗೆ 1.80. ಅರವತ್ತು ಜನಕ್ಕೆ ತಿಂಗಳಿಗೆ 708 ರೂಪಾಯಿ. ನೇರ ಯುಪಿಐ ಆದರೆ ಈ ಖರ್ಚಿಲ್ಲ, ಆದರೆ ತಾಳೆ ಹಾಕುವ ಕೆಲಸ ನಿಮ್ಮದು. ಆ 12 ಗಂಟೆಯಲ್ಲಿ ಆರು ಗಂಟೆ ಉಳಿಯುತ್ತದೆ ಎಂದುಕೊಂಡರೂ ಗಂಟೆಗೆ 118 ರೂಪಾಯಿ ಕೊಟ್ಟ ಹಾಗಾಯಿತು. ನಿಮ್ಮ ಒಂದು ಗಂಟೆಯ ಬೆಲೆ ಅದಕ್ಕಿಂತ ಹೆಚ್ಚೋ ಕಡಿಮೆಯೋ ನೀವೇ ಹೇಳಿ. ಹದಿನೈದು ಇಪ್ಪತ್ತು ಸದಸ್ಯೆಯರಿರುವವರಿಗೆ ಗೇಟ್‌ವೇ ಅಗತ್ಯವೇ ಇಲ್ಲ. ಶೀಟ್ ಮತ್ತು ವಾರಕ್ಕೆ ಅರ್ಧ ಗಂಟೆ ಸಾಕು.

ಇನ್ನು ಆಟೊಪೇ. 2020ರ ಜುಲೈಯಲ್ಲಿ ಯುಪಿಐ ಆಟೊಪೇ ಬಂತು. ಸದಸ್ಯೆ ಒಮ್ಮೆ ಪಿನ್ ಹಾಕಿ ಒಪ್ಪಿಗೆ ಕೊಟ್ಟರೆ ತಿಂಗಳು ತಿಂಗಳೂ ಹಣ ತಾನಾಗಿ ಬರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಡಿಯುವ 24 ಗಂಟೆ ಮೊದಲು ಗ್ರಾಹಕರಿಗೆ ಸಂದೇಶ ಹೋಗಬೇಕು. ನಮ್ಮಂಥ ಫೀಸಿಗೆ 15,000 ರೂಪಾಯಿವರೆಗೆ ಪ್ರತಿ ಸಲ ಪಿನ್ ಬೇಡ. ಬೇಡವೆನಿಸಿದರೆ ಅವರು ತಮ್ಮ ಆ್ಯಪ್‌ನಲ್ಲೇ ರದ್ದು ಮಾಡಬಹುದು. ಇದು ಒಳ್ಳೆಯದೇ. ಆದರೆ ಹಿರಿಯ ಸದಸ್ಯೆಯರಿಗೆ ಒತ್ತಾಯ ಮಾಡಬೇಡಿ. ‘ಖಾತೆಯಿಂದ ತಾನಾಗಿ ದುಡ್ಡು ಹೋಗುತ್ತದೆ’ ಎಂದರೆ ಅವರಿಗೆ ಭಯ. ಆ ಭಯ ತಪ್ಪೂ ಅಲ್ಲ, ಮೋಸದ ಸುದ್ದಿ ದಿನವೂ ಕೇಳುತ್ತಿದ್ದಾರೆ.

ಸೇರುವ ಬಾಗಿಲು ಎಷ್ಟು ಅಗಲವೋ ಬಿಡುವ ಬಾಗಿಲೂ ಅಷ್ಟೇ ಅಗಲ ಇರಬೇಕು. ಗ್ರಾಹಕರನ್ನು ಸಿಕ್ಕಿಸಿಹಾಕುವ ಇಂಥ ತಂತ್ರಗಳ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿ 13 ಬಗೆಗಳನ್ನು ಪಟ್ಟಿ ಮಾಡಿತು. ಸದಸ್ಯತ್ವ ರದ್ದು ಮಾಡುವುದನ್ನು ಬೇಕೆಂದೇ ಕಷ್ಟ ಮಾಡುವುದೂ ಅದರಲ್ಲಿ ಒಂದು. ನಮ್ಮದು ಪರಸ್ಪರ ಗುರುತಿರುವ ಸಮಾಜ. ಇವತ್ತು ನಗುತ್ತಾ ಬಿಟ್ಟು ಹೋದವರು ನಾಳೆ ಸೊಸೆಯನ್ನು ಸೇರಿಸುತ್ತಾರೆ. ಮುನಿಸಿಕೊಂಡು ಹೋದವರು ಹತ್ತು ಜನರಿಗೆ ಹೇಳುತ್ತಾರೆ.

ಯಂತ್ರ ಯಾರಿಗೆ ಮಾತಾಡಬೇಕು?

ಈಗ ನೆನಪಿಸುವ ಕೆಲಸ. ಗೂಗಲ್ ಶೀಟ್‌ಗೆ ಜೋಡಿಸಿ ಬರೆಯುವ ಆ್ಯಪ್ಸ್ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಪ್ರತಿದಿನ ಬೆಳಿಗ್ಗೆ ಎದ್ದು ಆ ತಾರೀಕಿನ ಕಾಲಂ ನೋಡಿ ಇಮೇಲ್ ಕಳಿಸಬಲ್ಲದು. ಸಾಮಾನ್ಯ ಜಿಮೇಲ್ ಖಾತೆಯಿಂದ ಹೀಗೆ ದಿನಕ್ಕೆ 100 ಜನರಿಗೆ ಉಚಿತವಾಗಿ ಕಳಿಸಬಹುದು. ನಮಗೆ ಧಾರಾಳ ಸಾಕು.

“ಇಮೇಲ್ ಯಾರು ನೋಡ್ತಾರೆ, ವಾಟ್ಸಾಪ್ ಬೇಕು,” ಎನ್ನುತ್ತೀರಿ. ನಿಜ. ಬೆಂಗಳೂರಿನಲ್ಲಿ ಅನೂಪ್ ಮಯ್ಯ ಅವರು ಕಟ್ಟಿದ ‘ಕನ್ನಡ ಗೊತ್ತಿಲ್ಲ’ ಸಂಸ್ಥೆ ಕನ್ನಡ ಬಾರದವರಿಗೆ ಪಾಠ ಶುರು ಮಾಡಿದ್ದೇ ವಾಟ್ಸಾಪ್ ಗುಂಪುಗಳಲ್ಲಿ. ಜನರ ಕೈಯಲ್ಲಿ ಆಗಲೇ ಇರುವ ಸಾಧನದಿಂದ ಶುರು ಮಾಡುವುದು ಬುದ್ಧಿವಂತಿಕೆ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಉಚಿತ. ಹೊಸಬರಿಗೆ ಸ್ವಾಗತದ ಸಂದೇಶ, ಪದೇಪದೇ ಕೇಳುವ ಪ್ರಶ್ನೆಗೆ ಸಿದ್ಧ ಉತ್ತರ, ‘ಬಾಕಿ’, ‘ಹೊಸಬರು’ ಎಂಬ ಲೇಬಲ್, ಇವೆಲ್ಲ ಅದರಲ್ಲಿವೆ. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಆದ್ದರಿಂದ ಸೇರುವಾಗಲೇ ನಂಬರ್ ಸೇವ್ ಮಾಡಿಸಿ. ಆದರೆ, ‘ಸಾವಿರಾರು ಸಂದೇಶ ಕಳಿಸುವ ಸಾಫ್ಟ್‌ವೇರ್ ಅಗ್ಗಕ್ಕೆ ಕೊಡುತ್ತೇವೆ’ ಎನ್ನುವವರ ಹತ್ತಿರ ಹೋಗಬೇಡಿ. ವಾಟ್ಸಾಪ್‌ನ ಅನುಮತಿ ಇಲ್ಲದ ಅಂಥ ದಾರಿ ಹಿಡಿದರೆ ನಂಬರ್ ನಿಷೇಧವಾಗಬಹುದು. ನಿಮ್ಮ ಹತ್ತು ವರ್ಷದ ಪರಿಚಯವೆಲ್ಲ ಆ ನಂಬರ್‌ನಲ್ಲಿದೆ.

ನಮ್ಮ ಶಿಕ್ಷಕಿಗೆ ಮಾಡಿಕೊಟ್ಟ ವ್ಯವಸ್ಥೆಯಲ್ಲಿ ನೆನಪೋಲೆ ಎರಡೇ. ಗಡುವಿಗೆ ಮೂರು ದಿನ ಮೊದಲು ಒಂದು, ಗಡುವಿನ ದಿನ ಒಂದು. ಎರಡೂ ಕನ್ನಡದಲ್ಲಿ, ಎರಡೆರಡು ಸಾಲು, ಕೆಳಗೆ ಲಿಂಕ್. ಮೂರನೆಯದನ್ನು ಯಂತ್ರ ಕಳಿಸುವುದಿಲ್ಲ. ಎರಡಕ್ಕೂ ಹಣ ಬರದಿದ್ದರೆ ಆ ಹೆಸರು ಶಿಕ್ಷಕಿಯ ಕೈಗೆ ಹೋಗುತ್ತದೆ, ಅವರು ಫೋನ್ ಮಾಡುತ್ತಾರೆ. ವ್ಯವಸ್ಥೆ ಶುರುವಾದ ಎರಡನೇ ತಿಂಗಳಲ್ಲೇ ಹೀಗೆ ಒಂದು ಹೆಸರು ಬಂತು. ಎಪ್ಪತ್ತು ದಾಟಿದ ಸದಸ್ಯೆ, ಎಂದೂ ತಡ ಮಾಡದವರು. ಫೋನ್ ಮಾಡಿದರೆ ಯಜಮಾನರು ಆಸ್ಪತ್ರೆಯಲ್ಲಿದ್ದರು. ಯಂತ್ರಕ್ಕೆ ಬಿಟ್ಟಿದ್ದರೆ ‘ನಿಮ್ಮ ಸದಸ್ಯತ್ವ ಕೊನೆಗೊಂಡಿದೆ’ ಎಂಬ ಸಂದೇಶ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತವರಿಗೆ ಹೋಗುತ್ತಿತ್ತು. ಈಗ ಶೀಟ್‌ನಲ್ಲಿ ‘ವಿರಾಮ’ ಎಂಬ ಇನ್ನೊಂದು ಕಾಲಂ ಇದೆ. ಅದನ್ನು ಶಿಕ್ಷಕಿ ಮಾತ್ರ ಗುರುತಿಸುತ್ತಾರೆ. ವಿರಾಮ ಎಂದಿದ್ದರೆ ಯಂತ್ರ ಬಾಯಿ ಬಿಡುವುದಿಲ್ಲ. ಗುಂಪಿನಿಂದ ಯಾರನ್ನೂ ಯಂತ್ರ ತಾನಾಗಿ ತೆಗೆಯುವುದೂ ಇಲ್ಲ.

ಹಾಗೆಯೇ ಎರಡು ವಾರ ಬಾರದವರ ಹೆಸರನ್ನೂ ಯಂತ್ರ ಶಿಕ್ಷಕಿಗೆ ಹೇಳುತ್ತದೆ, ಸದಸ್ಯೆಗಲ್ಲ. ‘ನೀವು ಎರಡು ತರಗತಿ ತಪ್ಪಿಸಿದ್ದೀರಿ’ ಎಂದು ಯಂತ್ರ ಹೇಳಿದರೆ ಅದು ದೂರು. “ಯಾಕಮ್ಮ ಕಾಣಲಿಲ್ಲ, ಹುಷಾರಾಗಿದ್ದೀರಾ?” ಎಂದು ಶಿಕ್ಷಕಿ ಕೇಳಿದರೆ ಅದು ಅಕ್ಕರೆ. ಮಾಹಿತಿ ಒಂದೇ, ಹೇಳುವ ಬಾಯಿ ಬೇರೆ. ಆಟೊಮೇಶನ್ ಬಗ್ಗೆ ನಾನು ಇವತ್ತು ಹೇಳಬೇಕೆಂದು ಬಂದ ಮಾತುಗಳಲ್ಲಿ ಇದು ಮುಖ್ಯ. ಲೆಕ್ಕದ ಮಾತನ್ನು ಯಂತ್ರ ಆಡಲಿ, ಮನಸ್ಸಿನ ಮಾತನ್ನು ನಾವೇ ಆಡೋಣ. ಯಂತ್ರ ಉಳಿಸಿಕೊಟ್ಟ ಹೊತ್ತು ಇದಕ್ಕಾಗಿಯೇ ಇರುವುದು.

ಇನ್ನೊಂದು ಸಣ್ಣ ಉಪಾಯ. ದಿನವೂ ಬೆಳಿಗ್ಗೆ ಏಳು ಗಂಟೆಗೆ ಶಿಕ್ಷಕಿಗೆ ಒಂದು ವರದಿ ಬರುತ್ತದೆ: ಹೊಸಬರು ಒಬ್ಬರು, ಹಣ ಬಂದದ್ದು ನಾಲ್ಕು, ಬಾಕಿ ಮೂರು. ಏನೂ ಇಲ್ಲದ ದಿನವೂ ‘ಇಂದು ಏನೂ ಇಲ್ಲ’ ಎಂದು ಬರುತ್ತದೆ. ಏಕೆಂದರೆ ಯಂತ್ರ ಕೆಟ್ಟರೆ ಅದು ಕೂಗಿ ಹೇಳುವುದಿಲ್ಲ, ಸುಮ್ಮನಾಗಿಬಿಡುತ್ತದೆ. ಬೆಳಿಗ್ಗೆ ಹಾಲು ಬಾರದಿದ್ದರೆ ಹಾಲಿನವನಿಗೆ ಏನಾಯಿತು ಎಂದು ವಿಚಾರಿಸುವುದಿಲ್ಲವೇ? ಹಾಗೆ, ವರದಿ ಬಾರದ ದಿನ ಯಂತ್ರವನ್ನು ವಿಚಾರಿಸಬೇಕು.

ಬೀಗದ ಕೈ

ಕೊನೆಯ ವಿಷಯ, ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು. ನಮ್ಮ ಅಜ್ಜಿಯರು ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಆನ್‌ಲೈನ್ ಉದ್ಯಮದ ಬೀಗದ ಕೈಗಳು ನಾಲ್ಕು: ಬ್ಯಾಂಕ್ ಖಾತೆ, ಸಿಮ್, ಇಮೇಲ್, ಸದಸ್ಯೆಯರ ಪಟ್ಟಿ. ಅವು ಯಾರ ಹತ್ತಿರ ಇವೆ?

ನಾನು ನೋಡಿದ ಮನೆಗಳಲ್ಲಿ ಪಾಠ ಮಾಡುವವರು ತಾಯಿ, ಹಣ ಬರುವುದು ಯಜಮಾನರ ಖಾತೆಗೆ, ಸಿಮ್ ಮಗನ ಹೆಸರಿನಲ್ಲಿ, ಇಮೇಲ್ ಪಾಸ್‌ವರ್ಡ್ ಸೊಸೆಗೆ ಗೊತ್ತು. ಮನೆಯಲ್ಲಿ ಪ್ರೀತಿ ವಿಶ್ವಾಸ ಇದೆ, ಅನುಮಾನ ಪಡಿ ಎಂದು ನಾನು ಹೇಳುತ್ತಿಲ್ಲ. ಆದರೆ ತಿಂಗಳಿಗೆ 30,000, ವರ್ಷಕ್ಕೆ 3,60,000 ರೂಪಾಯಿ ದುಡಿದ ದಾಖಲೆ ಆ ತಾಯಿಯ ಹೆಸರಿನಲ್ಲಿ ಎಲ್ಲಿಯೂ ಇಲ್ಲ. ನಾಳೆ ಹಾರ್ಮೋನಿಯಂ, ಲ್ಯಾಪ್‌ಟಾಪ್, ಒಂದು ಬಾಡಿಗೆ ಕೋಣೆಗೆಂದು ಅವರು ಮುದ್ರಾ ಸಾಲ ಕೇಳಲು ಹೋದರೆ ಬ್ಯಾಂಕಿನವರು ಖಾತೆಯ ವಿವರ ಕೇಳುತ್ತಾರೆ. ತೋರಿಸಲು ಏನಿದೆ? ಅದಕ್ಕೇ, ಆಟೊಮೇಶನ್‌ಗಿಂತ ಮೊದಲು ನಿಮ್ಮ ಹೆಸರಿನಲ್ಲಿ ಖಾತೆ ತೆರೆಯಿರಿ. ಪ್ಯಾನ್ ಜೋಡಿಸಿ. 2020ರ ಜುಲೈ 1ರಿಂದ ಉದ್ಯಮ್ ನೋಂದಣಿ ಇದೆ, ಆನ್‌ಲೈನ್‌ನಲ್ಲಿ ಉಚಿತ. ಅದಕ್ಕೆ ಹಣ ಕೇಳುವ ವೆಬ್‌ಸೈಟ್ ಸರಕಾರದ್ದಲ್ಲ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಸಾಮಾನ್ಯ ಮಿತಿ ವರ್ಷಕ್ಕೆ 20 ಲಕ್ಷದ ವಹಿವಾಟು, ಆ ಹೆದರಿಕೆ ನಮಗೆ ಸದ್ಯಕ್ಕಿಲ್ಲ. ಆದರೆ ವಿದೇಶದ ಸದಸ್ಯೆಯರಿಂದ ಹಣ ಬರುತ್ತಿದ್ದರೆ ಒಮ್ಮೆ ಸಿಎ ಹತ್ತಿರ ಕೇಳಿಕೊಳ್ಳುವುದು ಒಳ್ಳೆಯದು.

ನಾಲ್ಕನೆಯ ಬೀಗದ ಕೈ ಸದಸ್ಯೆಯರ ಪಟ್ಟಿ. ಯೋಗ ಕಲಿಸುವ ಪರಿಚಿತರೊಬ್ಬರು ಒಂದು ಸಿದ್ಧ ಆ್ಯಪ್ ತೆಗೆದುಕೊಂಡಿದ್ದರು. ಎಲ್ಲವೂ ಅದರಲ್ಲೇ, ಬಹಳ ಅನುಕೂಲ. ಮರುವರ್ಷ ದರ ಏರಿತು. ಬಿಡೋಣ ಎಂದರೆ ಸದಸ್ಯೆಯರ ಹೆಸರು, ನಂಬರ್, ಹಣದ ಇತಿಹಾಸ ಹೊರಗೆ ತೆಗೆಯಲು ದಾರಿ ಇರಲಿಲ್ಲ. ಒಬ್ಬೊಬ್ಬರದೇ ಕೈಯಿಂದ ಬರೆದುಕೊಂಡರು. ಆದ್ದರಿಂದ ಯಾವ ಆ್ಯಪ್‌ಗೆ ಹಣ ಕೊಡುವ ಮುಂಚೆಯೂ ಒಂದು ಪ್ರಶ್ನೆ: ‘ನಾನು ಬಿಟ್ಟು ಹೋಗುವ ದಿನ ನನ್ನ ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಕೊಡುತ್ತೀರಾ?’ ಕೊಡುತ್ತೇವೆ ಎಂದರೆ ಮೊದಲ ವಾರವೇ ಒಮ್ಮೆ ತೆಗೆದು ನೋಡಿ. ತಿಂಗಳಿಗೊಮ್ಮೆ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಇಮೇಲ್‌ಗೆ ಎರಡು ಹಂತದ ಭದ್ರತೆ ಹಾಕಿ, ಅದರ ಒಟಿಪಿ ನಿಮ್ಮದೇ ಫೋನ್‌ಗೆ ಬರಲಿ.

ನನ್ನ ಹಾಗೆ ಐಟಿಯಲ್ಲಿರುವ ಕಿರಿಯರು ಈ ಸಭೆಯಲ್ಲಿದ್ದೀರಿ. ನಿಮಗೂ ಒಂದು ಮಾತು. ನಾವು ದಿನವೂ ಆಫೀಸಿನಲ್ಲಿ ಮಾಡುವುದರ ನೂರರಲ್ಲಿ ಒಂದು ಪಾಲು ಸಾಕು ಒಬ್ಬ ಶಿಕ್ಷಕಿಯ ತಿಂಗಳ ಹನ್ನೆರಡು ಗಂಟೆ ಉಳಿಸಲು. ಇದನ್ನು ಸೇವೆಯಾಗಿಯೂ ಮಾಡಬಹುದು, ನ್ಯಾಯವಾದ ಶುಲ್ಕ ಪಡೆದು ಉದ್ಯೋಗವಾಗಿಯೂ ಮಾಡಬಹುದು. ಆದರೆ ಮಾಡುವಾಗ ಎಲ್ಲವನ್ನೂ ಅವರ ಖಾತೆಯಲ್ಲೇ ಮಾಡಿ, ನಮ್ಮ ಖಾತೆಯಲ್ಲಲ್ಲ. ಕೊನೆಗೆ ಒಂದು ಪುಟದಲ್ಲಿ, ಕನ್ನಡದಲ್ಲಿ, ಯಾವುದು ಎಲ್ಲಿದೆ, ನಿಂತರೆ ಏನು ಮಾಡಬೇಕು, ಯಂತ್ರವಿಲ್ಲದೆ ಒಂದು ವಾರ ಹೇಗೆ ನಡೆಸಬೇಕು ಎಂದು ಬರೆದು ಕೊಡಿ. ನಾವು ಊರು ಬಿಟ್ಟು ಹೋದರೂ ಅವರ ತರಗತಿ ನಿಲ್ಲಬಾರದು. ಅವರನ್ನು ನಮ್ಮ ಮೇಲೆ ಅವಲಂಬಿಸುವಂತೆ ಮಾಡಿದರೆ ಅದು ಸಹಾಯವಲ್ಲ, ಇನ್ನೊಂದು ಬೀಗ.

ನಮ್ಮ ಶಿಕ್ಷಕಿ ತರಗತಿ ನಿಲ್ಲಿಸಲಿಲ್ಲ. ಸದಸ್ಯೆಯರ ಸಂಖ್ಯೆ ದುಪ್ಪಟ್ಟಾಯಿತು ಎಂದು ಹೇಳಲು ನನಗೆ ಆಸೆ, ಆದರೆ ಆಗಲಿಲ್ಲ. ಹೆಚ್ಚು ಕಡಿಮೆ ಅಷ್ಟೇ ಜನ ಇದ್ದಾರೆ. ರಾತ್ರಿ ಬೇಗ ಮಲಗುತ್ತಾರೆ, ಬೆಳಿಗ್ಗೆ ತಮ್ಮ ಅಭ್ಯಾಸಕ್ಕೆ ಮತ್ತೆ ತಂಬೂರಿ ಶ್ರುತಿ ಹಿಡಿದು ಕುಳಿತುಕೊಳ್ಳುತ್ತಿದ್ದಾರೆ. ಹಣ ಈಗ ಅವರದೇ ಖಾತೆಗೆ ಬರುತ್ತದೆ. ಸಣ್ಣ ಉದ್ಯಮಕ್ಕೆ ದೊಡ್ಡದಾಗಲೇಬೇಕೆಂಬ ಹಟ ಬೇಕಿಲ್ಲ, ನಡೆಸುವವರನ್ನು ತಿನ್ನದೆ ಇದ್ದರೆ ಅದೇ ಗೆಲುವು ಎಂದು ನಾನು ನಂಬುತ್ತೇನೆ.

ಮನೆಗೆ ಹೋದ ಮೇಲೆ ಮೂರು ಕೆಲಸ ಮಾಡಿ. ಒಂದು ಹಳೆಯ ನೋಟ್‌ಬುಕ್ ತೆಗೆದು ಪಾಠವಲ್ಲದ ಕೆಲಸಕ್ಕೆ ಈ ತಿಂಗಳು ಎಷ್ಟು ಹೊತ್ತು ಹೋಗುತ್ತದೆ ಎಂದು ಬರೆಯುತ್ತಾ ಬನ್ನಿ. ಸದಸ್ಯೆಯರಿಗೆಲ್ಲ ಸಂಖ್ಯೆ ಕೊಟ್ಟು, ಯಾವ ತಾರೀಕಿನವರೆಗೆ ಕಟ್ಟಿದ್ದಾರೆ ಎಂಬ ಪಟ್ಟಿ ಮಾಡಿ, ಅದು ಕಾಗದದ ಮೇಲಾದರೂ ಸರಿ. ಖಾತೆ, ಸಿಮ್, ಇಮೇಲ್ ಯಾರ ಹೆಸರಿನಲ್ಲಿವೆ ಎಂದು ನೋಡಿ. ಈ ಮೂರು ಆದವರು ಮುಂದಿನ ತಿಂಗಳ ಸಭೆಗೆ ಲ್ಯಾಪ್‌ಟಾಪ್ ಅಥವಾ ಮೊಬೈಲ್ ತನ್ನಿ. ನಾನೂ, ಐಟಿಯಲ್ಲಿರುವ ನಮ್ಮ ಗೆಳತಿಯರೂ ಇರುತ್ತೇವೆ. ಕುಳಿತು ಒಟ್ಟಿಗೆ ಮಾಡೋಣ.